ಬರುವಾಗ ಒಂದು ಬಾಡಿ ತಗೊಂಡು ಬಾ

ದುಬೈಯಲ್ಲೋ ಸಿಂಗಪುರದಲ್ಲೋ ಇರುವ ಹುಡುಗ ರಜೆಗೆ ಊರಿಗೆ ಬರುತ್ತಾನೆ ಎಂಬ ಸುದ್ದಿ ಹಟ್ಟಿಗೆ ಮುಟ್ಟಿದರೆ ಸಾಕು, ಅವನ ವಾಟ್ಸಾಪಿಗೆ ಚೀಟಿಗಳು ಹೋಗಲು ಶುರುವಾಗುತ್ತವೆ. ಅತ್ತೆಗೆ ಬಾದಾಮಿ, ಭಾವನಿಗೆ ವಾಚು, ಚಿಕ್ಕಪ್ಪನ ಮಗನಿಗೆ ಫೋನು. ಈಗ ಕೆಲವು ವರ್ಷಗಳಿಂದ ಇವುಗಳ ಜೊತೆಗೆ ಇನ್ನೊಂದು ಚೀಟಿ ಸೇರಿದೆ: 'ಬರುವಾಗ ಒಂದು ಕ್ಯಾಮೆರಾ ಬಾಡಿ ತಗೊಂಡು ಬಾ, ಇಲ್ಲಿಗಿಂತ ಅಲ್ಲಿ ಅಗ್ಗ. ಸಾಧ್ಯ ಆದರೆ ಒಂದು ಡ್ರೋನೂ ಇರಲಿ.' ಚೀಟಿ ಕಳಿಸುವವರು ಸಾಮಾನ್ಯವಾಗಿ ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೊ ತೆಗೆದು ಬದುಕುವ ಹುಡುಗರು. ಚಳ್ಳಕೆರೆ, ಮೊಳಕಾಲ್ಮೂರು, ನಾಯಕನಹಟ್ಟಿಯ ಸ್ಟುಡಿಯೋಗಳಲ್ಲಿ ಎರಡು ಲಕ್ಷದ ಕಿಟ್ ಎಂದರೆ ಒಂದು ಸೀಸನ್ನಿನ ದುಡಿಮೆಯ ದೊಡ್ಡ ಪಾಲು. ಅದನ್ನು ಒಬ್ಬ ನೆಂಟನ ಸೂಟ್‌ಕೇಸಿನ ಮೇಲೆ ಪಣ ಒಡ್ಡುವ ಮುನ್ನ ಕೆಲವು ಮಾತು ಹೇಳಬೇಕಾಗಿದೆ. ಆಗುವುದು ಆದಮೇಲೆ ಹೇಳಿ ಪ್ರಯೋಜನವಿಲ್ಲ, ಆದ್ದರಿಂದ ಈಗಲೇ.

ಈಗಲೇ ಏಕೆಂದರೆ, ನಮ್ಮಲ್ಲಿ ಕ್ಯಾಮೆರಾ ಕೊಳ್ಳುವ ಯೋಚನೆಗೂ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೂ ನಂಟಿದೆ. ಫಾಲ್ಗುಣದಲ್ಲಿ ತೇರು ಎಳೆಯುತ್ತದೆ. ಆ ಹೊತ್ತಿಗೆ ಕೊಬ್ಬರಿ ಸುಡುವ ಹೊಗೆ, ಮುಕ್ತಿ ಬಾವುಟದ ಹರಾಜು, ಲಕ್ಷಗಟ್ಟಲೆ ಜನ. ಎಲ್ಲವನ್ನೂ ಸೆರೆಹಿಡಿಯಲು ಹೊಸ ಸಾಮಾನು ಕೈಯಲ್ಲಿರಬೇಕು ಎಂಬ ಆತುರ. ಜಾತ್ರೆ ಮುಗಿದರೆ ಬೇಸಿಗೆಯ ಮದುವೆಗಳು. ಹೀಗಾಗಿ ವರ್ಷದ ಕೊನೆಗೆ ರಜೆಯಲ್ಲಿ ಬರುವವರ ಕೈಯಲ್ಲಿ ತರಿಸಿದರೆ ಜಾತ್ರೆಗೆ ಸರಿಯಾಗಿ ಕೈಸೇರುತ್ತದೆ ಎಂಬ ಲೆಕ್ಕ. ತಾರೀಖಿನ ಲೆಕ್ಕ ಸರಿ, ರೂಪಾಯಿ ಲೆಕ್ಕ ಮಾತ್ರ ಹಲವು ಬಾರಿ ತಪ್ಪುತ್ತದೆ.

'ಫಾರಿನ್ ಮಾಲು' ಎಂಬ ಮಾತಿಗೆ ನಮ್ಮಲ್ಲಿ ಇರುವ ಬೆಲೆ ಹಳೆಯದು. ಆಮದಿಗೆ ಬೇಲಿ ಹಾಕಿದ್ದ ಕಾಲದಲ್ಲಿ ಗಲ್ಫಿನಿಂದ ಬಂದವರು ತಂದ ಯಾಶಿಕಾ ಕ್ಯಾಮೆರಾ, ಟೂ-ಇನ್-ಒನ್ ರೇಡಿಯೊಗಳಿಗೆ ಊರಿಗೆ ಊರೇ ಕಣ್ಣರಳಿಸುತ್ತಿತ್ತು. ಆಮೇಲೆ ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್, ಮದ್ರಾಸಿನ ಬರ್ಮಾ ಬಜಾರ್‌ಗಳಲ್ಲಿ ಬಿಲ್ಲಿಲ್ಲದ ಮಾಲು ಸಿಕ್ಕಿತು. ಆಗ ಅದಕ್ಕೆ ಕಾರಣವೂ ಇತ್ತು: ಇಲ್ಲಿ ಸಿಗುತ್ತಲೇ ಇರಲಿಲ್ಲ, ಸಿಕ್ಕರೂ ಬೆಲೆ ಎರಡು ಪಟ್ಟು. ಈಗ ಆ ಕಾರಣ ಬಹುಪಾಲು ಹೋಗಿದೆ, ಅಭ್ಯಾಸ ಉಳಿದಿದೆ. 2018ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಡಿಜಿಟಲ್ ಕ್ಯಾಮೆರಾ ಮತ್ತು ವಿಡಿಯೊ ಕ್ಯಾಮೆರಾಗಳನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿತು, 2019ರ ಜನವರಿ 1ರಿಂದ ಅದು ಜಾರಿಗೆ ಬಂತು. ದೊಡ್ಡ ಕಂಪನಿಗಳ ಹೊಸ ಮಾದರಿಗಳೆಲ್ಲ ಇಲ್ಲಿಗೂ ಬರುತ್ತವೆ. ಹಬ್ಬದ ರಿಯಾಯಿತಿ, ಕಂತಿನ ಸೌಲಭ್ಯ ಬೇರೆ. ಹಾಗಿದ್ದೂ 'ಅಲ್ಲಿ ಅಗ್ಗ' ಎನ್ನುವುದು ಜಾಲತಾಣದಲ್ಲಿ ಡಾಲರ್ ಬೆಲೆ ನೋಡಿ ರೂಪಾಯಿಗೆ ಗುಣಿಸಿದವರ ಮಾತು. ಗುಣಿಸಿದ ಮೇಲೆ ಕೂಡಿಸುವುದೂ ಇದೆ.

ಕೂಡಿಸೋಣ. ಒಂದು ಬಾಡಿ ಮತ್ತು ಲೆನ್ಸಿನ ಕಿಟ್ಟಿಗೆ ದುಬೈಯಲ್ಲಿ ನಮ್ಮ ಹಣದಲ್ಲಿ 1,80,000 ರೂಪಾಯಿ, ಅದೇ ಕಿಟ್ಟಿಗೆ ಬೆಂಗಳೂರಿನಲ್ಲಿ 2,10,000 ರೂಪಾಯಿ ಎಂದು ಇಟ್ಟುಕೊಳ್ಳಿ. ಮೇಲ್ನೋಟಕ್ಕೆ ಮೂವತ್ತು ಸಾವಿರ ಉಳಿಯಿತು. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಹಲವು ಬ್ಯಾಂಕುಗಳು ವಿದೇಶಿ ವಹಿವಾಟಿಗೆ ಶೇ 3.5ರವರೆಗೆ ಹಿಡಿಯುತ್ತವೆ, ಅದು 6,300. ಇನ್ನು ವಿಮಾನ ನಿಲ್ದಾಣದ ಸುಂಕ. 2016ರ ಬ್ಯಾಗೇಜ್ ನಿಯಮಗಳು ಒಬ್ಬ ಪ್ರಯಾಣಿಕನಿಗೆ 50,000 ರೂಪಾಯಿ ಬೆಲೆಯ ವಸ್ತುಗಳನ್ನಷ್ಟೇ ಸುಂಕವಿಲ್ಲದೆ ತರಲು ಬಿಟ್ಟಿದ್ದವು. ಅದರ ಮೇಲಿನ ಬೆಲೆಗೆ ಸುಂಕ, ಸುಂಕದ ಮೇಲೆ ಸರ್ಚಾರ್ಜು ಸೇರಿ ಶೇ 38.5 ಬೀಳುತ್ತಿತ್ತು. ಆ ಲೆಕ್ಕದಲ್ಲಿ ಉಳಿದ 1,30,000ಕ್ಕೆ ಸುಂಕವೇ 50,050. ಅಲ್ಲಿಗೆ ಕಿಟ್ಟಿನ ಬೆಲೆ 2,36,350. ಉಳಿತಾಯ ಎಲ್ಲಿ ಹೋಯಿತು? 2026ರ ಫೆಬ್ರುವರಿಯಲ್ಲಿ ಹೊಸ ಬ್ಯಾಗೇಜ್ ನಿಯಮ ಬಂದು ಮಿತಿ 75,000 ರೂಪಾಯಿಗೆ ಏರಿದೆ, ಒಳ್ಳೆಯದೇ. ಅದೇ ದರ ಹಿಡಿದು ನೋಡಿದರೂ ಸುಂಕ 40,425ಕ್ಕೆ ಬಂದು ನಿಲ್ಲುತ್ತದೆ, ಕಿಟ್ ಆಗಲೂ ಬೆಂಗಳೂರಿಗಿಂತ ದುಬಾರಿ. ಇಂಥ ಮಿತಿ, ದರಗಳು ಬಜೆಟ್ಟಿನ ಜೊತೆ ಬದಲಾಗುವಂಥವು. ಹಾಗಾಗಿ ಪಕ್ಕದ ಮನೆಯವನು ಹೋದ ವರ್ಷ ಹೇಳಿದ ಅಂಕಿ ನಂಬದೆ, ಹೊರಡುವ ವಾರ ಕಸ್ಟಮ್ಸ್ ಇಲಾಖೆಯ ಜಾಲತಾಣವನ್ನೇ ನೋಡಬೇಕು.

ಇತ್ತ ಬೆಂಗಳೂರಿನ ಬಿಲ್ಲಿಗೆ ಇನ್ನೊಂದು ಗುಣವಿದೆ. ನೋಂದಾಯಿತ ಸ್ಟುಡಿಯೋ ಆದರೆ 2,10,000ದ ಒಳಗೆ ಅಡಗಿರುವ ಸುಮಾರು 32,000 ರೂಪಾಯಿ ಜಿಎಸ್‌ಟಿಯನ್ನು ತನ್ನ ತೆರಿಗೆಗೆ ವಜಾ ಹಾಕಿಕೊಳ್ಳಬಹುದು. ಅಲ್ಲಿಗೆ ಇಲ್ಲಿನ ಕಿಟ್ಟಿನ ಬೆಲೆ ದುಬೈಯ ಅಂಗಡಿ ಬೆಲೆಗಿಂತಲೂ ಕೆಳಗೆ ಇಳಿಯುತ್ತದೆ. ಬ್ಯಾಗೇಜ್ ಸುಂಕದ ರಸೀದಿಯಲ್ಲಿ ಜಿಎಸ್‌ಟಿಯೇ ಇರುವುದಿಲ್ಲವಾದ್ದರಿಂದ ಅದಕ್ಕೆ ವಜಾ ಇಲ್ಲ. ನಮ್ಮ ಕಡೆಯ ಸಣ್ಣ ಸ್ಟುಡಿಯೋಗಳಲ್ಲಿ ನೋಂದಣಿ ಮಾಡಿಸದವರೇ ಹೆಚ್ಚು, ಅವರಿಗೆ ಈ ಲಾಭ ಸಿಗದು, ನಿಜ. ಆದರೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ, ವಿಮೆ ಮಾಡಿಸುವಾಗ, ಕಳವಾದರೆ ಠಾಣೆಯಲ್ಲಿ ದೂರು ಬರೆಸುವಾಗ ಕೇಳುವುದು ಬಿಲ್ಲನ್ನೇ. ಆ ಬಿಲ್ಲು ದುಬೈಯಲ್ಲಿರುವ ಅಕ್ಕನ ಮಗನ ಹೆಸರಿನಲ್ಲಿ, ದಿರ್ಹಮ್‌ನಲ್ಲಿ, ಅರ್ಧ ಅರಬ್ಬಿಯಲ್ಲಿ ಇದ್ದರೆ ಕ್ಯಾಮೆರಾ ತನ್ನದೆಂದು ತೋರಿಸಲು ನಾಯಕನಹಟ್ಟಿಯ ಹುಡುಗನಿಗೆ ಏನಿದೆ?

ಇಲ್ಲಿಯೇ ತರುವವರ ಕಷ್ಟವನ್ನೂ ಹೇಳಿಬಿಡಬೇಕು. ಏಕೆಂದರೆ ಸಿಕ್ಕಿಬೀಳುವವರು ಅವರು, ಚೀಟಿ ಕಳಿಸಿದವರಲ್ಲ. ಸುಂಕ ಮಾಫಿ ಇರುವುದು ಸ್ವಂತ ಬಳಕೆಯ ಸಾಮಾನಿಗೆ ಮತ್ತು ಉಡುಗೊರೆಗೆ. ದುಡ್ಡು ತಗೊಂಡು ಇನ್ನೊಬ್ಬರ ವ್ಯಾಪಾರಕ್ಕೆ ಸಾಮಾನು ತಂದರೆ ಅದು ಬ್ಯಾಗೇಜ್ ಅನಿಸಿಕೊಳ್ಳುವುದಿಲ್ಲ. ಗಂಡನದು, ಹೆಂಡತಿಯದು, ಮಕ್ಕಳದು ಅಂತ ಮಿತಿಗಳನ್ನು ಕೂಡಿಸಿ ಒಂದೇ ಕ್ಯಾಮೆರಾಕ್ಕೆ ಹಚ್ಚಲೂ 2016ರ ನಿಯಮ ಬಿಟ್ಟಿರಲಿಲ್ಲ. ಹದಿನೆಂಟು ದಾಟಿದ ಪ್ರಯಾಣಿಕನಿಗೆ ಒಂದು ಲ್ಯಾಪ್‌ಟಾಪ್ ಮಿತಿಯ ಹೊರಗೆ ಮಾಫಿಯಿದೆ. 'ಲ್ಯಾಪ್‌ಟಾಪಿಗೆ ಇದ್ದಮೇಲೆ ಕ್ಯಾಮೆರಾಕ್ಕೂ ಇರುತ್ತೆ' ಎಂಬುದು ಜನ ತಾವೇ ಹೊಲಿದುಕೊಂಡ ಕಾನೂನು. ಇನ್ನೊಂದು ಬುದ್ಧಿವಂತಿಕೆಯೂ ಚಾಲ್ತಿಯಲ್ಲಿದೆ: ಡಬ್ಬಿಯನ್ನು ಅಲ್ಲೇ ಎಸೆದು, ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡು 'ಹಳೇದು ಸಾರ್' ಎನ್ನುವುದು. ಕೌಂಟರಿನಲ್ಲಿ ಕೂತವರು ದಿನಕ್ಕೆ ಇಂಥ ಎಷ್ಟೋ ಕೊರಳು ನೋಡಿರುತ್ತಾರೆ. ಡಬ್ಬಿ ಎಸೆದರೆ ಮುಂದೆ ವಾರಂಟಿಯೂ ಇಲ್ಲ, ಮರುಮಾರಾಟದ ಬೆಲೆಯೂ ಇಲ್ಲ. ಘೋಷಿಸದೆ ಹಸಿರು ಚಾನೆಲ್ಲಿನಲ್ಲಿ ನುಗ್ಗಿ ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಸಾಮಾನು ಮುಟ್ಟುಗೋಲಾಗಬಹುದು, ಬಿಡಿಸಿಕೊಳ್ಳಲು ದಂಡ, ಅದರ ಮೇಲೆ ಮತ್ತೊಂದು ದಂಡ. ಕೆಂಪು ಚಾನೆಲ್ಲಿಗೆ ಹೋಗಿ ಸುಂಕ ಕಟ್ಟಿದವನಿಗೆ ರಸೀದಿಯಾದರೂ ಸಿಗುತ್ತದೆ.

ಇದರ ತಿರುವುಮುರುವೂ ಉಂಟು, ಅದು ಯಾರಿಗೂ ನೆನಪಿರುವುದಿಲ್ಲ. ಇಲ್ಲೇ ಕೊಂಡ ಬೆಲೆಬಾಳುವ ಕ್ಯಾಮೆರಾವನ್ನು ಪ್ರವಾಸಕ್ಕೆ ಒಯ್ಯುವವರು ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಕ್ಯಾಮೆರಾದ ಸೀರಿಯಲ್ ನಂಬರು ಅದರಲ್ಲಿ ಬರೆಸಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ನಿಮ್ಮದೇ ಹಳೆಯ ಕ್ಯಾಮೆರಾ ಹೊಸದಾಗಿ ಕೊಂಡು ತಂದದ್ದಲ್ಲ ಎಂದು ರುಜುವಾತು ಮಾಡಲು ಪರದಾಡಬೇಕಾಗುತ್ತದೆ.

ಕಾಶಿ ಯಾತ್ರೆಗೆ ಹೋಗಿ, ಗೋರಖಪುರದಿಂದ ಗಡಿ ದಾಟಿ ಪಶುಪತಿನಾಥನ ದರ್ಶನ ಮಾಡಿ ಬರುವ ಬಸ್ ಪ್ರವಾಸಗಳು ನಮ್ಮ ಜಿಲ್ಲೆಯಿಂದಲೂ ಹೊರಡುತ್ತವೆ. ಕಾಠ್ಮಂಡುವಿನ ನ್ಯೂ ರೋಡಿನಲ್ಲಿ ಕ್ಯಾಮೆರಾ ಅಂಗಡಿಗಳು ಸಾಲಾಗಿವೆ, ಯಾತ್ರಿಗಳ ಕಣ್ಣೂ ಅತ್ತ ಹೋಗುತ್ತದೆ. ನೇಪಾಳದಿಂದ ಬರುವವರಿಗೆ ಮಿತಿ ಬೇರೆ ಇರಬಹುದು ಎಂಬುದು ಅವರಿಗೆ ಗೊತ್ತಿರುವುದಿಲ್ಲ. 2016ರ ನಿಯಮದಲ್ಲಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳಿಂದ ವಿಮಾನದಲ್ಲಿ ಬಂದರೆ 15,000 ರೂಪಾಯಿ, ರಸ್ತೆಯಲ್ಲಿ ಬಂದರೆ ಮೈಮೇಲಿನ ಬಳಸಿದ ಸಾಮಾನು ಬಿಟ್ಟು ಬೇರೇನೂ ಇಲ್ಲ ಎಂದಿತ್ತು. ಸುನೌಲಿ ಗಡಿಯಲ್ಲಿ ಬಸ್ಸಿನ ಐವತ್ತು ಜನರನ್ನು ಕಾಯಿಸಿ ನಿಂತು ವಾದ ಮಾಡುವ ಪರಿಸ್ಥಿತಿ ಯಾತ್ರೆಯ ಪುಣ್ಯದಲ್ಲಿ ಸೇರುವುದಿಲ್ಲ.

ಇಷ್ಟೆಲ್ಲ ತಿಳಿದೂ ಕೊಳ್ಳುವವರು ಕೊಳ್ಳುತ್ತಾರೆ. ಕೆಲವೊಮ್ಮೆ ಕೊಳ್ಳುವುದರಲ್ಲಿ ಅರ್ಥವೂ ಇರುತ್ತದೆ: ಮಿತಿಯೊಳಗೆ ಬರುವ ಒಂದು ಲೆನ್ಸು, ಇಲ್ಲಿ ಸಿಗದ ಒಂದು ಫಿಲ್ಟರು, ಹೋದ ದೇಶದಲ್ಲೇ ಕ್ಯಾಮೆರಾ ಕೆಟ್ಟು ನಿಂತು ಬೇರೆ ದಾರಿಯಿಲ್ಲದ ಹೊತ್ತು. ಆಗ ಪ್ರಶ್ನೆ ಅಂಗಡಿಯದು. 'ಹೆಸರುವಾಸಿ ಅಂಗಡಿಯಲ್ಲಿ ಕೊಳ್ಳಿ' ಎನ್ನುವುದು ಸುಲಭ. ಪರದೇಶದಲ್ಲಿ ಹೆಸರುವಾಸಿ ಯಾವುದು ಎಂದು ಗೊತ್ತಾಗುವುದು ಹೇಗೆ? ಬೆಳಕು ಜಾಸ್ತಿ ಇರುವುದರಿಂದಲೇ? ಹಿಂದಿಯಲ್ಲಿ 'ಆಯಿಯೇ ಭಾಯಿ' ಎಂದು ಕರೆಯುವುದರಿಂದಲೇ?

ಸಿಂಗಪುರದ ಸಿಮ್ ಲಿಮ್ ಸ್ಕ್ವೇರ್ ಒಂದು ಕಾಲಕ್ಕೆ ಭಾರತದ ಪ್ರವಾಸಿಗರ ಎಲೆಕ್ಟ್ರಾನಿಕ್ಸ್ ತೀರ್ಥಕ್ಷೇತ್ರ. 2014ರ ನವೆಂಬರಿನಲ್ಲಿ ಅಲ್ಲಿನ ಒಂದು ಅಂಗಡಿಯಲ್ಲಿ ವಿಯೆಟ್ನಾಂನಿಂದ ಬಂದ ಪ್ರವಾಸಿಯೊಬ್ಬ ಗೆಳತಿಗೆಂದು 950 ಡಾಲರ್ ಕೊಟ್ಟು ಐಫೋನ್ ಕೊಂಡ. ಹಣ ಕೊಟ್ಟಾದ ಮೇಲೆ, ವಾರಂಟಿಗೆ ಸಹಿ ಮಾಡಿದ್ದೀಯ, ಇನ್ನೂ 1,500 ಡಾಲರ್ ಕೊಡು ಎಂದರು. ಅವನು ಅಳುತ್ತ ಮಂಡಿಯೂರಿ ಬೇಡಿಕೊಂಡ ವಿಡಿಯೊ ಲೋಕವೆಲ್ಲ ಸುತ್ತಿತು. ಆ ಅಂಗಡಿಯ ಮಾಲೀಕ ಮುಂದಿನ ವರ್ಷ 33 ತಿಂಗಳ ಜೈಲು ಶಿಕ್ಷೆ ಪಡೆದ. ಗಮನಿಸಬೇಕಾದದ್ದು, ಇದು ನಡೆದದ್ದು ಕಾನೂನು ಬಿಗಿಯಾಗಿರುವ ಸಿಂಗಪುರದಲ್ಲಿ, ಊರ ನಡುವಿನ ದೊಡ್ಡ ಮಳಿಗೆಯಲ್ಲಿ. ಅದೇ ಕಟ್ಟಡದಲ್ಲಿ ನೇರ ವ್ಯಾಪಾರ ಮಾಡುವ ಅಂಗಡಿಗಳೂ ಇದ್ದವು, ಇವೆ. ಕಟ್ಟಡಕ್ಕೆ ಹೆಸರಿದ್ದರೆ ಅಂಗಡಿಗೆ ಹೆಸರಿದೆ ಎಂದಲ್ಲ. ಹಾಂಗ್‌ಕಾಂಗಿನ ನೇಥನ್ ರೋಡಿನ ಸುತ್ತಲ ಕೆಲವು ಅಂಗಡಿಗಳು, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿಯ ಕೆಲವು ಅಂಗಡಿಗಳು ಪ್ರವಾಸಿಗರನ್ನು ಸುಲಿಯುವುದಕ್ಕೆ ಹೆಸರಾದವು. ಅದೇ ನ್ಯೂಯಾರ್ಕಿನಲ್ಲಿ ಒಂಬತ್ತನೇ ಅವೆನ್ಯೂದಲ್ಲಿರುವ ಬಿ ಆ್ಯಂಡ್ ಎಚ್ ಜಗತ್ತಿನ ಛಾಯಾಗ್ರಾಹಕರು ನಂಬುವ ಅಂಗಡಿ. ಶನಿವಾರ ಬಾಗಿಲು ಹಾಕಿರುತ್ತದೆ, ಮಾಲೀಕರ ಸಬ್ಬತ್ ದಿನ. ಒಂದೇ ದಿನ ನ್ಯೂಯಾರ್ಕ್ ನೋಡುವ ಪ್ಯಾಕೇಜಿನವರು ಅಂದೇ ಹೋಗಿ ಬಾಗಿಲು ನೋಡಿ, ಪಕ್ಕದ ಬೀದಿಯ ಬೆಳಕಿನ ಅಂಗಡಿಗೆ ನುಗ್ಗಿದರೆ ಕಥೆ ಮುಗಿಯಿತು. ಟೋಕಿಯೋದಲ್ಲಿ ಯೊಡೊಬಾಶಿ, ಬಿಕ್ ಕ್ಯಾಮೆರಾದಂಥ ಮಳಿಗೆಗಳ ಬೆಲೆಚೀಟಿ ಎಂದರೆ ಬೆಲೆಚೀಟಿಯೇ. ಆಯಾ ದೇಶದಲ್ಲಿ ಅಧಿಕೃತ ಮಾರಾಟಗಾರರು ಯಾರೆಂದು ಕ್ಯಾನನ್, ನಿಕಾನ್, ಸೋನಿ ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ತಿಳಿಸುತ್ತವೆ. ಹೊರಡುವ ಮುನ್ನ ಆ ಪಟ್ಟಿಯಿಂದ ಎರಡು ವಿಳಾಸ ಬರೆದಿಟ್ಟುಕೊಳ್ಳುವುದು ಹತ್ತು ನಿಮಿಷದ ಕೆಲಸ.

ಸುಲಿಯುವ ಅಂಗಡಿಯ ವರಸೆ ಎಲ್ಲ ದೇಶದಲ್ಲೂ ಒಂದೇ. ಕಿಟಕಿಯಲ್ಲಿ ನಂಬಲಾಗದಷ್ಟು ಕಡಿಮೆ ಬೆಲೆ. ಒಳಗೆ ಹೋದರೆ ಕುರ್ಚಿ, ಜ್ಯೂಸು, ಊರು ಯಾವುದು ಎಂಬ ವಿಚಾರಣೆ. ಹಣ ಕೊಟ್ಟ ಮೇಲೆ, ಅಥವಾ ಕೊಡುವ ಸ್ವಲ್ಪ ಮುಂಚೆ, 'ಈ ಮಾದರಿ ಹಳೆಯದು, ಇದರಲ್ಲಿ ದೋಷ ಇದೆ, ಅದರ ಬದಲು ಇದು ನೋಡಿ' ಎಂದು ಯಾರೂ ಕೇಳರಿಯದ ಹೆಸರಿನ ಕ್ಯಾಮೆರಾ ಎದುರಿಗೆ ಬರುತ್ತದೆ. ಬೇಡ ಎಂದರೆ ನೀವು ಕೇಳಿದ ಕ್ಯಾಮೆರಾದ ಡಬ್ಬಿಯಿಂದ ಚಾರ್ಜರು, ಬ್ಯಾಟರಿ, ಲೆನ್ಸಿನ ಹುಡ್ಡು ಮಾಯವಾಗಿ ಒಂದೊಂದಕ್ಕೂ ಬೇರೆ ಬೆಲೆ ಹುಟ್ಟುತ್ತದೆ. ಬಸ್ಸು ಕೆಳಗೆ ಕಾಯುತ್ತಿರುತ್ತದೆ, ಗೈಡು ಅವಸರ ಮಾಡುತ್ತಾನೆ. ಆ ಗೈಡಿಗೂ ಅಂಗಡಿಗೂ ಏನು ಸಂಬಂಧ ಎಂದು ಯೋಚಿಸಲು ಪ್ರವಾಸಿಗೆ ಪುರುಸೊತ್ತಿರುವುದಿಲ್ಲ. ಹಾಂಗ್‌ಕಾಂಗಿನಲ್ಲಿ 'ಟ್ಯಾಕ್ಸ್ ಫ್ರೀ' ಎಂದು ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ, ಆ ಊರಿನಲ್ಲಿ ಮಾರಾಟ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆ ಬಿಟ್ಟುಕೊಟ್ಟೆವೆಂದು ಹೇಳುವ ವ್ಯಾಪಾರಿಯನ್ನು ಮೆಚ್ಚಲೇಬೇಕು!

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಕೊಳ್ಳಲು ಹೋದ ನಮ್ಮ ಹೆಂಗಸರು ಸೆರಗು ಬಿಡಿಸದೆ, ಜರಿ ತಿರುವಿ ನೋಡದೆ, ಮಡಿಕೆಯಲ್ಲಿ ಎಲ್ಲಿ ಎಳೆ ಹೋಗಿದೆ ಎಂದು ಬೆಳಕಿಗೆ ಹಿಡಿಯದೆ ದುಡ್ಡು ಬಿಚ್ಚುವುದಿಲ್ಲ. ಅದೇ ಮನೆಯ ಗಂಡಸರು ಪರದೇಶದಲ್ಲಿ ಎರಡು ಲಕ್ಷದ ಡಬ್ಬಿಯನ್ನು ಸೀಲು ಒಡೆಯದೆ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಡಬ್ಬಿಯನ್ನು ಅಂಗಡಿಯ ಮೇಜಿನ ಮೇಲೇ ಬಿಚ್ಚಬೇಕು. ಡಬ್ಬಿಯ ಮೇಲಿನ ಸೀರಿಯಲ್ ನಂಬರು, ಬಾಡಿಯ ಅಡಿಯಲ್ಲಿ ಇರುವ ನಂಬರು, ವಾರಂಟಿ ಕಾರ್ಡಿನ ನಂಬರು, ಬಿಲ್ಲಿನಲ್ಲಿ ಬರೆದ ನಂಬರು ನಾಲ್ಕೂ ಒಂದೇ ಇರಬೇಕು. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಧೂಳು, ಬೂಷ್ಟು ಇದೆಯೇ ನೋಡಬೇಕು. ಸೆನ್ಸರಿನ ಮೇಲೆ ಚುಕ್ಕೆ ಇದೆಯೇ ತಿಳಿಯಲು ಬಿಳಿ ಗೋಡೆಯದೊಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದರೆ ಸಾಕು. ಬಳಸಿ ರಿಪೇರಿ ಮಾಡಿದ್ದನ್ನು ಹೊಸದೆಂದು ಮಾರುವುದೂ ಉಂಟು, ಆದ್ದರಿಂದ ಶಟರ್ ಎಷ್ಟು ಬಾರಿ ಬಡಿದಿದೆ ಎಂಬ ಲೆಕ್ಕ ಕೇಳಬೇಕು. ಬಿಲ್ಲಿನಲ್ಲಿ ಅಂಗಡಿಯ ಪೂರ್ತಿ ಹೆಸರು, ವಿಳಾಸ, ತೆರಿಗೆ ನಂಬರು, ಮಾದರಿಯ ಹೆಸರು ಇರಬೇಕು. 'ಒಂದು ಕ್ಯಾಮೆರಾ ಸೆಟ್' ಎಂದು ಬರೆದುಕೊಟ್ಟರೆ ಆ ಬಿಲ್ಲು ಬಿಲ್ಲಲ್ಲ. ಕಾರ್ಡು ಉಜ್ಜುವಾಗ ಯಂತ್ರ 'ರೂಪಾಯಿಯಲ್ಲಿ ಕಟ್ಟುವಿರಾ' ಎಂದು ಕೇಳಿದರೆ ಬೇಡ ಎನ್ನಬೇಕು. ನಮ್ಮ ಅನುಕೂಲಕ್ಕೆ ಕೇಳಿದಂತೆ ಕಾಣುವ ಆ ಪ್ರಶ್ನೆಯ ಹಿಂದೆ ಅವರದೇ ವಿನಿಮಯ ದರ ಇರುತ್ತದೆ, ಅದು ಸಾಮಾನ್ಯವಾಗಿ ದುಬಾರಿ.

ಮೆಮೊರಿ ಕಾರ್ಡಿನ ವಿಷಯ ಸಣ್ಣದೆಂದು ಬಿಡುವ ಹಾಗಿಲ್ಲ. ಬೀದಿಬದಿಯ ಅಂಗಡಿಯಲ್ಲಿ, ಅಪರಿಚಿತ ಆನ್‌ಲೈನ್ ಮಾರಾಟಗಾರರಲ್ಲಿ ಸಿಗುವ ಖೋಟಾ ಕಾರ್ಡುಗಳ ಮೇಲೆ 128 ಜಿಬಿ ಎಂದು ಅಚ್ಚಾಗಿರುತ್ತದೆ, ಕಂಪ್ಯೂಟರಿಗೆ ಹಾಕಿದರೂ 128 ಎಂದೇ ತೋರಿಸುತ್ತದೆ. ಒಳಗೆ ಇರುವುದು ಎಂಟೋ ಹದಿನಾರೋ. ತುಂಬುವವರೆಗೆ ಎಲ್ಲ ಸರಿ, ತುಂಬಿದ ಮೇಲೆ ಹೊಸ ಚಿತ್ರ ಹಳೆಯ ಚಿತ್ರವನ್ನು ನುಂಗುತ್ತದೆ ಅಥವಾ ಫೈಲು ತೆರೆಯುವುದೇ ಇಲ್ಲ. ಬೆಳಗಿನ ಧಾರೆ ಮುಹೂರ್ತ ಹೋಗಿ ಮಧ್ಯಾಹ್ನದ ಊಟದ ಪಂಕ್ತಿ ಮಾತ್ರ ಉಳಿದರೆ ಹೆಣ್ಣಿನ ಕಡೆಯವರಿಗೆ ಏನು ಹೇಳುವುದು? ಹೊಸ ಕಾರ್ಡನ್ನು ಮೊದಲ ಕೆಲಸಕ್ಕೆ ಒಯ್ಯುವ ಮುನ್ನ ಪೂರ್ತಿ ತುಂಬಿಸಿ, ವಾಪಸ್ ಓದಿ ಪರೀಕ್ಷಿಸುವ ಉಚಿತ ತಂತ್ರಾಂಶಗಳಿವೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಫಲಿತಾಂಶ ಸಿಗುತ್ತದೆ.

ಇನ್ನು ತೆರಿಗೆ ವಾಪಸಾತಿ. ಯುಎಇಯಲ್ಲಿ 2018ರಿಂದ ಶೇ 5ರ ವ್ಯಾಟ್ ಇದೆ, ಸಿಂಗಪುರದಲ್ಲಿ 2024ರಿಂದ ಶೇ 9ರ ಜಿಎಸ್‌ಟಿ. ಪ್ರವಾಸಿಗರಿಗೆ ಶುಲ್ಕ ಹಿಡಿದು ಉಳಿದದ್ದು ವಾಪಸ್ ಸಿಗುತ್ತದೆ. 'ಪ್ರವಾಸಿಗರಿಗೆ' ಎಂಬಲ್ಲಿ ನಿಲ್ಲಬೇಕು. ದುಬೈಯಲ್ಲೇ ನೆಲೆಸಿ ದುಡಿಯುವ ನೆಂಟನಿಗೆ, ಸಿಂಗಪುರದಲ್ಲಿ ಕೆಲಸದ ಪಾಸ್ ಇರುವವನಿಗೆ ಇದು ಸಿಗುವುದಿಲ್ಲ. ನಾವು ಚೀಟಿ ಕಳಿಸುವುದು ಬಹುಪಾಲು ಅಂಥವರಿಗೇ. ಪ್ರವಾಸಿಯೇ ಆದರೂ ಸಾಮಾನು ಚೆಕ್-ಇನ್ ಚೀಲಕ್ಕೆ ಹೋಗುವ ಮುನ್ನವೇ ವಾಪಸಾತಿ ಕೌಂಟರಿನಲ್ಲಿ ತೋರಿಸಲು ಕೇಳಬಹುದು. ಬಿಡಿ ಲಿಥಿಯಂ ಬ್ಯಾಟರಿಗಳಂತೂ ಕೈಚೀಲದಲ್ಲೇ ಇರಬೇಕು. ಅಮೆರಿಕದಲ್ಲಿ ಹೀಗೆ ದೇಶವ್ಯಾಪಿ ವಾಪಸ್ ಕೊಡುವ ಪದ್ಧತಿಯೇ ಇಲ್ಲ.

ವಾರಂಟಿಗೆ ಬಂದರೆ ಅಂಗಡಿ ಎಷ್ಟೇ ನಂಬಿಗಸ್ತವಾಗಿರಲಿ ಒಂದು ತೊಡಕು ಉಳಿದೇ ಉಳಿಯುತ್ತದೆ. ಕ್ಯಾಮೆರಾ ಬಾಡಿಗಳ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಅಥವಾ ಆ ಪ್ರದೇಶಕ್ಕೆ ಸೀಮಿತ. ಅಂಗಡಿಯವನು 'ಇಂಟರ್‌ನ್ಯಾಷನಲ್ ವಾರಂಟಿ' ಎಂದರೆ ಅದು ಕಂಪನಿಯದೋ ಅವನ ಅಂಗಡಿಯದೋ ಎಂದು ಕಾರ್ಡು ನೋಡಿ ತಿಳಿಯಬೇಕು. ಅಂಗಡಿಯದಾದರೆ ಕ್ಯಾಮೆರಾ ಕೆಟ್ಟಾಗ ಅದನ್ನು ಮತ್ತೆ ಅಲ್ಲಿಗೇ ಕಳಿಸಬೇಕು, ಹೋಗುವ ಬರುವ ಖರ್ಚು, ಮತ್ತೆ ಕಸ್ಟಮ್ಸ್. ಚಿತ್ರದುರ್ಗದ ಗ್ರಾಹಕರ ಆಯೋಗದಲ್ಲಿ ಬೆಂಗಳೂರಿನ ಅಂಗಡಿಯ ಮೇಲೆ ಕೇಸು ಹಾಕಬಹುದು, 2019ರ ಕಾಯ್ದೆ ಗ್ರಾಹಕ ಇರುವ ಊರಿನಲ್ಲೇ ದೂರಲು ಅವಕಾಶ ಕೊಟ್ಟಿದೆ, 1915ಕ್ಕೆ ಕರೆ ಮಾಡಿಯೂ ದೂರಬಹುದು. ದುಬೈಯ ದೇರಾದ ಅಂಗಡಿಗೆ ಚಿತ್ರದುರ್ಗದಿಂದ ನೋಟಿಸು ಹೋಗಿ ಏನಾದೀತು? ಜಪಾನಿನಲ್ಲಿ ಅಲ್ಲಿಯವರಿಗೆಂದೇ ಮಾರುವ ಸೋನಿ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಿ ಮಾತ್ರ ಇರುತ್ತದೆ, ಬೇರೆ ಭಾಷೆಗೆ ಬದಲಿಸಲು ಬಾರದು. ವಿಡಿಯೊ ತೆಗೆಯುವವರು ಇನ್ನೊಂದನ್ನು ಅಲ್ಲೇ ನೋಡಬೇಕು, ಪಾಲ್ ಮತ್ತು ಎನ್‌ಟಿಎಸ್‌ಸಿ ಎರಡಕ್ಕೂ ಹೊರಳಿಸಬಹುದೇ ಎಂದು. ನಮ್ಮ ಕರೆಂಟು 50 ಹರ್ಟ್ಸ್. ಅಮೆರಿಕದ 60ಕ್ಕೆ ಹೊಂದಿಸಿದ ಬಾಡಿಯಲ್ಲಿ ರಾತ್ರಿ ಸೀರಿಯಲ್ ಬಲ್ಬುಗಳ ತೇರನ್ನು ತೆಗೆದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಓಡಾಡುತ್ತವೆ.

ಇಷ್ಟರವರೆಗೆ ಹೇಳಿದ್ದು ದುಡ್ಡು ಹೋಗುವ ಮಾತು. ಡ್ರೋನಿನದು ಬೇರೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ 2022ರ ಫೆಬ್ರುವರಿ 9ರಂದು ತಯಾರಾದ ಡ್ರೋನುಗಳ ಆಮದನ್ನೇ ನಿಷೇಧಿಸಿತು. ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸುವ ಸೆಟ್ಟುಗಳೂ ಅದರಲ್ಲಿ ಸೇರಿವೆ. ವಿನಾಯಿತಿ ಇರುವುದು ರಕ್ಷಣೆ, ಭದ್ರತೆ ಮತ್ತು ಸಂಶೋಧನೆಗೆ, ಅದೂ ಅನುಮತಿ ಪಡೆದ ಮೇಲೆ. ಮದುವೆಗೆ ಇಲ್ಲ, ಜಾತ್ರೆಗೂ ಇಲ್ಲ. 250 ಗ್ರಾಂ ಒಳಗಿನ ಪುಟ್ಟ ಡ್ರೋನಿಗೆ ಹಾರಿಸುವ ನಿಯಮಗಳಲ್ಲಿ ಕೆಲವು ರಿಯಾಯಿತಿ ಇದೆ, ಅದನ್ನೇ ಹಿಡಿದು 'ಸಣ್ಣದು ತಂದರೆ ನಡೆಯುತ್ತೆ' ಎನ್ನುವವರಿದ್ದಾರೆ. ಆಮದಿನ ನಿಷೇಧದಲ್ಲಿ ತೂಕದ ಮಾತೇ ಇಲ್ಲ. ಡಿಜೆಐ ಡಬ್ಬಿಯನ್ನು ಮಿತಿಯೊಳಗಿನ ಬೆಲೆಯೆಂದು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಬಂದ ನೆಂಟ ಸುಂಕ ಕಟ್ಟಿ ಬಿಡಿಸಿಕೊಳ್ಳುತ್ತೇನೆಂದರೆ ಆಗದು, ಅದು ಸುಂಕದ ಸಾಮಾನೇ ಅಲ್ಲ. ಕಸ್ಟಮ್ಸ್ ಘೋಷಣಾ ಪತ್ರದಲ್ಲಿ ಡ್ರೋನ್ ಇದೆಯೇ ಎಂದು ಬೇರೆಯಾಗಿಯೇ ಕೇಳುತ್ತಾರೆ. ಇಲ್ಲ ಎಂದು ಬರೆದು ಸಿಕ್ಕಿಬಿದ್ದರೆ ಸುಳ್ಳು ಘೋಷಣೆಯೂ ಲೆಕ್ಕಕ್ಕೆ ಸೇರುತ್ತದೆ. ರಜೆಗೆ ಬಂದು ಮತ್ತೆ ವೀಸಾದ ಮೇಲೆ ಹೋಗಬೇಕಾದ ಹುಡುಗನನ್ನು ಇಂಥದಕ್ಕೆ ಸಿಲುಕಿಸುವುದು ನೆಂಟಸ್ತಿಕೆಯಲ್ಲ.

ಹೇಗೋ ಒಳಗೆ ಬಂತು ಎಂದೇ ಇಟ್ಟುಕೊಳ್ಳೋಣ. ಅದನ್ನು ಹಾರಿಸುವುದು ಎಲ್ಲಿ? ನಮ್ಮ ನಾಯಕನಹಟ್ಟಿ ಹೋಬಳಿ ರಾಜ್ಯದ ಬೇರೆ ಹೋಬಳಿಗಳ ಹಾಗಲ್ಲ. ಕುದಾಪುರ, ವರವು ಕಾವಲಿನ ಹುಲ್ಲುಗಾವಲು ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಆ ವಲಯದಲ್ಲಿ ಮಾನವರಹಿತ ವಿಮಾನಗಳು ಹಾರುತ್ತವೆ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಪರೀಕ್ಷಾ ಹಾರಾಟದಲ್ಲಿ ಜೋಡಿ ಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದದ್ದು ಜಿಲ್ಲೆಗೆಲ್ಲ ನೆನಪಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ರಾಕೆಟ್ ವಾಹನವನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟು ಅದು ತಾನೇ ರನ್‌ವೇ ಮೇಲೆ ಇಳಿಯುವಂತೆ ಮಾಡಿದ್ದೂ ಇಲ್ಲಿಯೇ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಬಾರಿ ಅದೇ ಪ್ರಯೋಗ ನಡೆಯಿತು. ಇಂಥ ಆಕಾಶದ ಪಕ್ಕದಲ್ಲಿ ನೋಂದಣಿಯಿಲ್ಲದ, ಬಿಲ್ಲಿಲ್ಲದ, ನಿಷೇಧಿತ ಮಾಲೊಂದನ್ನು ಹಾರಿಸಿ 'ಪ್ರೀ-ವೆಡ್ಡಿಂಗ್ ಶೂಟು ಸಾರ್' ಎಂದರೆ ಯಾರು ನಂಬುತ್ತಾರೆ? 2021ರ ಡ್ರೋನ್ ನಿಯಮಗಳ ಪ್ರಕಾರ ಎಲ್ಲಿ ಹಾರಿಸಬಹುದು ಎಂಬ ನಕ್ಷೆ 'ಡಿಜಿಟಲ್ ಸ್ಕೈ' ಜಾಲತಾಣದಲ್ಲಿದೆ, ಕೆಂಪು ವಲಯಕ್ಕೆ ಕೇಂದ್ರದ ಅನುಮತಿ ಬೇಕು. ನಕ್ಷೆ ನೋಡದೆ ಬ್ಯಾಟರಿ ಹಾಕಬಾರದು.

ಉದ್ದ ಲೆನ್ಸಿನವರಿಗೂ ಇದೇ ಸಂದರ್ಭದಲ್ಲಿ ಒಂದು ಮಾತು. ಅಮೃತ ಮಹಲ್ ಕಾವಲುಗಳ ಕೃಷ್ಣಮೃಗ, ಹುಲ್ಲುಗಾವಲಿನ ಹಕ್ಕಿಗಳನ್ನು ಹುಡುಕಿ ಬೆಂಗಳೂರಿನಿಂದ ಬರುವವರು ಹೆಚ್ಚುತ್ತಿದ್ದಾರೆ, ಅವರನ್ನು ನೋಡಿ ನಮ್ಮ ಹುಡುಗರೂ 150-600 ಲೆನ್ಸಿನ ಆಸೆಗೆ ಬಿದ್ದಿದ್ದಾರೆ. ಆಸೆ ಒಳ್ಳೆಯದು. ಬೇಲಿಗೆ ಹಾಕಿದ ಫಲಕ ಓದಿ ಲೆನ್ಸು ತಿರುಗಿಸಿದರೆ ಆಯಿತು. ರಕ್ಷಣಾ ಸ್ಥಳದ ಗೋಡೆಯತ್ತ ಮಾರುದ್ದದ ಲೆನ್ಸು ಹಿಡಿದು ನಿಂತವನ ಬಾಯಲ್ಲಿ ಹಕ್ಕಿಯ ಹೆಸರು ಬಂದರೂ ಮೊದಲು ಠಾಣೆಗೆ ಹೋಗಿ ಹೇಳಬೇಕಾಗುತ್ತದೆ.

ನಮ್ಮ ಅಭಿಪ್ರಾಯ ಹೀಗಿದೆ. ದಿನವೂ ದುಡಿಯುವ ಬಾಡಿಯನ್ನು ಇಲ್ಲಿಯೇ, ಸ್ವಂತ ಹೆಸರಿನ ಬಿಲ್ಲಿನಲ್ಲಿ ಕೊಳ್ಳಬೇಕು. ಮದುವೆಯ ಹಿಂದಿನ ರಾತ್ರಿ ಶಟರ್ ನಿಂತರೆ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಬೆಳಗಿನ ಬಸ್ಸಾದರೂ ಇದೆ. ಲೆನ್ಸು ಬೇಕೆಂದರೆ, ಹೋಗುವವರು ನಿಜಕ್ಕೂ ಪ್ರವಾಸಕ್ಕೆ ಹೋಗುವವರಾದರೆ, ಮಿತಿಯೊಳಗೆ ಬಂದರೆ, ಅಧಿಕೃತ ಅಂಗಡಿಯಲ್ಲಿ, ಮೇಲೆ ಹೇಳಿದ ನಾಲ್ಕೂ ನಂಬರು ಹೊಂದಿಸಿ ಕೊಂಡು ತರಲಿ. ಬಾಡಿಗಿಂತ ಲೆನ್ಸು ಕೆಡುವುದು ಕಡಿಮೆ, ಬೆಲೆಯೂ ಬೇಗ ಇಳಿಯುವುದಿಲ್ಲ. ಡ್ರೋನ್ ಬೇಕಾದರೆ ಇಲ್ಲಿ ತಯಾರಾಗಿ ನೋಂದಣಿ ಆದದ್ದನ್ನು ಹಾರಿಸುವವರನ್ನು ಬಾಡಿಗೆಗೆ ಕರೆಯುವುದು ಸದ್ಯಕ್ಕೆ ಸುರಕ್ಷಿತ ದಾರಿ.

ಕೆಲಸ ಇರುವುದು ಕೊಳ್ಳುವವರಿಗೆ ಮಾತ್ರವಲ್ಲ. ಪ್ರತಿ ವರ್ಷ ಜಾತ್ರೆಗೆ ಮುಂಚೆ ಅಧಿಕಾರಿಗಳು, ಪಟ್ಟಣ ಪಂಚಾಯಿತಿ, ದೇವಸ್ಥಾನದವರು ಸೇರಿ ಪೂರ್ವಭಾವಿ ಸಭೆ ಮಾಡುತ್ತಾರೆ. ಕುಡಿಯುವ ನೀರು, ಬಸ್ಸು, ಪಾರ್ಕಿಂಗ್, ಪ್ರಾಣಿಬಲಿ ತಡೆ ಎಲ್ಲ ಚರ್ಚೆಯಾಗುತ್ತವೆ. ಈ ಬಾರಿ ಆ ಪಟ್ಟಿಗೆ ಡ್ರೋನನ್ನೂ ಸೇರಿಸಬೇಕು. ತೇರಿನ ದಿನ ಯಾರಿಗೆ ಅನುಮತಿ, ಯಾವ ನೋಂದಣಿ ಸಂಖ್ಯೆಯ ಯಂತ್ರಕ್ಕೆ ಅನುಮತಿ ಎಂಬುದನ್ನು ವಾರ ಮುಂಚೆ ದೇವಸ್ಥಾನದ ಒಳಮಠ, ಹೊರಮಠಗಳ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ತಾಲ್ಲೂಕಿನ ಛಾಯಾಗ್ರಾಹಕರು ತಾವೇ ಒಂದು ಸಂಜೆ ಸೇರಿ ತಮ್ಮ ಕಿಟ್ಟುಗಳ ಸೀರಿಯಲ್ ನಂಬರು, ಬಿಲ್ಲುಗಳ ನಕಲು ಒಂದೆಡೆ ಇಟ್ಟುಕೊಂಡರೆ ಲಕ್ಷ ಜನರ ಜಾತ್ರೆಯಲ್ಲಿ ಕಳವಾದಾಗ ದೂರು ಬರೆಸುವುದು ಸುಲಭವಾಗುತ್ತದೆ. ಬಿಲ್ಲಿಲ್ಲದ ಕ್ಯಾಮೆರಾಗಳು ಎಷ್ಟಿವೆ ಎಂಬುದೂ ಆ ಸಂಜೆಯೇ ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಚೀಟಿ ಈಗಾಗಲೇ ಹೋಗಿದ್ದರೆ, ಅದರಲ್ಲಿನ ಡ್ರೋನಿನ ಸಾಲನ್ನು ಇವತ್ತೇ ಅಳಿಸಿಬಿಡಿ, ನೆಂಟ ಅಂಗಡಿಗೆ ಹೋಗುವ ಮುಂಚೆ.